ಯಾವುದು ಎರಡು ಪಟ್ಟು? ಸರಸ್ವತಿಪುರಂನ ಒಂದು ಜೆರಾಕ್ಸ್ ಅಂಗಡಿಯ ಕುರಿತು

ಮೈಸೂರಿನ ಸರಸ್ವತಿಪುರಂನಲ್ಲಿ, ಕುಕ್ಕರಹಳ್ಳಿ ಕೆರೆಯ ಕಡೆಗೆ ನಡೆದುಹೋಗುವ ಒಂದು ಅಡ್ಡರಸ್ತೆಯಲ್ಲಿ, ದಂಪತಿ ನಡೆಸುವ ಸಣ್ಣದೊಂದು ಅಂಗಡಿಯಿದೆ. ಅದರ ಬೋರ್ಡಿನ ಮೇಲೆ ಅಂಗಡಿಗೆಂದು ಹೆಸರೇ ಇಲ್ಲ. ‘ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್’ ಎಂದಷ್ಟೇ ಬರೆದಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ಎರಡು ವರ್ಷಗಳಿಂದ ನನ್ನ ಎಲ್ಲ ಅಭ್ಯಾಸ ಹಾಳೆಗಳನ್ನೂ ಪ್ರಶ್ನೆಪತ್ರಿಕೆಗಳನ್ನೂ ನಕ್ಷೆಗಳನ್ನೂ ಇಲ್ಲಿಯೇ ತೆಗೆಸುತ್ತಿದ್ದೇನೆ. ಜೆರಾಕ್ಸ್ ಅಂಗಡಿಯೊಂದರ ಬಗ್ಗೆ ಇಷ್ಟು ದೀರ್ಘವಾಗಿ ಬರೆಯುವುದೇಕೆ ಎಂದು ಓದುಗರಿಗೆ ಅನ್ನಿಸಬಹುದು. ಪಠ್ಯದಲ್ಲಿ ‘ಸ್ಕೇಲ್ ಫ್ಯಾಕ್ಟರ್’ ಎಂದು ಬರುವ ವಿಷಯವನ್ನು, ಅಂದರೆ ಒಂದು ಆಕೃತಿಯನ್ನು ಅದರ ರೂಪ ಕೆಡದಂತೆ ಎಷ್ಟು ಪಟ್ಟು ಹಿಗ್ಗಿಸಿದ್ದೇವೆ ಅಥವಾ ಕುಗ್ಗಿಸಿದ್ದೇವೆ ಎಂಬುದನ್ನು, ಮಕ್ಕಳ ಕೈಗೆ ಮುಟ್ಟಿಸಲು ನನಗೆ ನೆರವಾದ ಸ್ಥಳಗಳಲ್ಲಿ ಈ ಅಂಗಡಿಗೇ ಮೊದಲ ಸ್ಥಾನ. ಅದಕ್ಕೆ ಕಾರಣ ಅವರ ಯಂತ್ರವಲ್ಲ, ಅವರು ಕೇಳುವ ಒಂದು ಪ್ರಶ್ನೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಒಂದು ತ್ರಿಭುಜದ ಚಿತ್ರವನ್ನು ದೊಡ್ಡದು ಮಾಡಿಸಲು. ‘ಇದನ್ನು ಎರಡು ಪಟ್ಟು ದೊಡ್ಡದು ಮಾಡಿಕೊಡಿ’ ಎಂದೆ. ಯಂತ್ರದ ಬಳಿ ನಿಂತಿದ್ದ ಅಂಗಡಿಯ ಒಡತಿ ಗುಂಡಿ ಒತ್ತಲಿಲ್ಲ. ‘ಯಾವುದು ಎರಡು ಪಟ್ಟು ಮೇಡಂ, ಗೆರೆಯೋ, ಹಾಳೆಯೋ?’ ಎಂದು ಕೇಳಿದರು. ಗೆರೆ ಎರಡು ಪಟ್ಟಾಗಬೇಕಾದರೆ ಶೇ. 200 ಇಡಬೇಕು, ಆಗ ಚಿತ್ರ ನಾಲ್ಕು ಎ4 ಹಾಳೆಗಳ ಜಾಗ ಬೇಡುತ್ತದೆ; ಹಾಳೆ ಎರಡು ಪಟ್ಟಾದರೆ ಸಾಕು ಎಂದರೆ ಶೇ. 141 ಇಟ್ಟು ಒಂದು ಎ3 ಹಾಳೆಯಲ್ಲಿ ಕೊಡುತ್ತೇನೆ ಎಂದು ವಿವರಿಸಿದರು. ಹದಿನಾಲ್ಕು ವರ್ಷ ಪಾಠ ಮಾಡಿದ ನಾನು, ನನ್ನ ಮಾತಿನಲ್ಲಿ ಎರಡು ಅರ್ಥಗಳಿದ್ದವು ಎಂಬುದನ್ನು ಆ ಕ್ಷಣದವರೆಗೆ ಗಮನಿಸಿರಲಿಲ್ಲ. ಮಕ್ಕಳು ಪರೀಕ್ಷೆಯಲ್ಲಿ ಮಾಡುವ ಅತಿ ಸಾಮಾನ್ಯ ತಪ್ಪೂ ಇದೇ: ಬಾಹುಗಳು ಎರಡು ಪಟ್ಟಾದರೆ ವಿಸ್ತೀರ್ಣವೂ ಎರಡು ಪಟ್ಟಾಗುತ್ತದೆ ಎಂದು ಬರೆಯುವುದು. ‘ಎರಡು ಪಟ್ಟು ದೊಡ್ಡದು’ ಎಂಬ ನಮ್ಮ ದಿನಬಳಕೆಯ ಮಾತೇ ಅವರನ್ನು ದಾರಿ ತಪ್ಪಿಸುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ.

ಶೇ. 141 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎ4 ಹಾಳೆಯ ಅಳತೆ 210 ಮತ್ತು 297 ಮಿಲಿಮೀಟರ್. ಎ3 ಹಾಳೆಯದು 297 ಮತ್ತು 420. ಎ4ರ ಉದ್ದವೇ ಎ3ರ ಅಗಲ. ಎ4ರ ಅಗಲದ ಇಮ್ಮಡಿಯೇ ಎ3ರ ಉದ್ದ. ಹೀಗಾಗಿ ಎರಡು ಎ4 ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಎ3 ಆಗುತ್ತದೆ. ಆದರೆ 297ನ್ನು 210ರಿಂದ ಭಾಗಿಸಿದರೂ 420ನ್ನು 297ರಿಂದ ಭಾಗಿಸಿದರೂ ಬರುವುದು ಸುಮಾರು 1.414, ಅಂದರೆ ಎರಡರ ವರ್ಗಮೂಲ. ವಿಸ್ತೀರ್ಣ ಸರಿಯಾಗಿ ಎರಡು ಪಟ್ಟಾಗಬೇಕು, ರೂಪ ಮಾತ್ರ ಬದಲಾಗಬಾರದು ಎಂದರೆ ಪ್ರತಿ ಬಾಹುವನ್ನೂ ಈ ಸಂಖ್ಯೆಯಿಂದಲೇ ಗುಣಿಸಬೇಕು. ಕಾಗದಕ್ಕೆ ಈ ಅನುಪಾತದ ಗುಣವಿದೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರಷ್ಟು ಹಿಂದೆಯೇ ಒಂದು ಪತ್ರದಲ್ಲಿ ಬರೆದಿದ್ದರು. 1922ರಲ್ಲಿ ಅದೇ ದೇಶದಲ್ಲಿ ಅದು ಕಾಗದದ ಅಳತೆಯ ಮಾನಕವಾಯಿತು. ಇಂದು ನಮ್ಮ ಊರಿನ ಪ್ರತಿ ಜೆರಾಕ್ಸ್ ಯಂತ್ರದ ಫಲಕದ ಮೇಲೂ ಹಿಗ್ಗಿಸಲು 141, ಮರಳಿ ಕುಗ್ಗಿಸಲು 71 (ಕೆಲವದರಲ್ಲಿ 70) ಎಂಬ ಸಂಖ್ಯೆಗಳಿವೆ. ಹತ್ತನೆಯ ತರಗತಿಯ ಮಕ್ಕಳು ಎರಡರ ವರ್ಗಮೂಲ ಅಭಾಗಲಬ್ಧ ಸಂಖ್ಯೆ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು) ಎಂದು ಸಾಧಿಸುವುದನ್ನು ಬಾಯಿಪಾಠ ಮಾಡುತ್ತಾರೆ. ಅದೇ ಸಂಖ್ಯೆ ತಮ್ಮ ಬೀದಿಯ ಅಂಗಡಿಯಲ್ಲಿ ದಿನಕ್ಕೆ ನೂರಾರು ಸಲ ಒತ್ತಲ್ಪಡುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಸರಳ ವಿಧಾನವಿದೆ. ಎ4 ಹಾಳೆಯ ಒಂದು ಮೂಲೆಯನ್ನು ಎದುರಿನ ಉದ್ದಬದಿಗೆ ತಾಗುವಂತೆ ಓರೆಯಾಗಿ ಮಡಿಸಿದರೆ, ಹಾಳೆಯ ಅಗಲವನ್ನೇ ಬಾಹುವಾಗಿ ಉಳ್ಳ ಚೌಕದ ಕರ್ಣ ಮಡಿಕೆಯಾಗಿ ಮೂಡುತ್ತದೆ. ಆ ಮಡಿಕೆಯ ಮೇಲೆ ಇನ್ನೊಂದು ಎ4 ಹಾಳೆಯ ಉದ್ದಬದಿಯನ್ನು ಇಟ್ಟು ನೋಡಿದರೆ ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಕಳೆದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿ ಇದನ್ನು ಮೂರು ಸಲ ತಿರುಗಿಸಿ ತಿರುಗಿಸಿ ಇಟ್ಟು ನೋಡಿದಳು. ಬಳಿಕ ತನ್ನ ಪಠ್ಯಪುಸ್ತಕದ ಪುಟವನ್ನೂ ಅದೇ ರೀತಿ ಅಳೆಯಲು ಹೋಗಿ, ‘ಇದು ಕೂರುವುದಿಲ್ಲ ಮಿಸ್’ ಎಂದಳು. ಎಲ್ಲ ಚೌಕಗಳೂ ಸಮರೂಪ (ಅಳತೆ ಬೇರೆಯಾದರೂ ರೂಪ ಒಂದೇ), ಆದರೆ ಎಲ್ಲ ಆಯತಗಳೂ ಸಮರೂಪವಲ್ಲ ಎಂಬ ವಾಕ್ಯವನ್ನು ನಾನು ಆ ದಿನ ಕರಿಹಲಗೆಯ ಮೇಲೆ ಬರೆಯಬೇಕಾಗಲಿಲ್ಲ.

ಈ ಅಂಗಡಿಯ ಬೆಲೆ ನನಗೆ ಅರಿವಾಗಲು ಇದಕ್ಕೂ ಮೊದಲಿನ ಒಂದು ಕಹಿ ಅನುಭವವೂ ಕಾರಣ. ಹೆಸರು ಹೇಳಬೇಕಾಗಿಲ್ಲದ ಬೇರೊಂದು ಅಂಗಡಿಯಲ್ಲಿ ನಾನು ಒಂದು ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಪ್ರಿಂಟ್ ಮಾಡಿಸಿದ್ದೆ. ಅದರಲ್ಲಿ 6, 8 ಮತ್ತು 10 ಸೆಂಟಿಮೀಟರ್ ಬಾಹುಗಳ ಒಂದು ಲಂಬಕೋನ ತ್ರಿಭುಜವಿತ್ತು. ಬಾಹುಗಳನ್ನು ಅಳೆದು, ಅದಕ್ಕೆ ಸಮರೂಪವಾಗಿ ಒಂದೂವರೆ ಪಟ್ಟಿನ ತ್ರಿಭುಜವನ್ನು ರಚಿಸಿ, ಎರಡರ ವಿಸ್ತೀರ್ಣಗಳನ್ನೂ ಹೋಲಿಸಬೇಕೆಂಬುದು ಪ್ರಶ್ನೆ. ಅಂಗಡಿಯವರು ಕಂಪ್ಯೂಟರಿನಲ್ಲಿ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆಯನ್ನು ಹಾಗೆಯೇ ಬಿಟ್ಟಿದ್ದರು. ಅಂಚಿನ ಜಾಗ ಬಿಡುವ ಸಲುವಾಗಿ ಯಂತ್ರ ಇಡೀ ಪುಟವನ್ನು ಶೇ. 94ಕ್ಕೆ ಇಳಿಸಿತ್ತು. ಮಕ್ಕಳು ಅಳೆದಾಗ ಸಿಕ್ಕಿದ್ದು 5.6, 7.5 ಮತ್ತು 9.4. ಪ್ರಾಮಾಣಿಕವಾಗಿ ಅಳೆದ ಮಕ್ಕಳು 8.4, 11.3, 14.1 ಬಾಹುಗಳ ತ್ರಿಭುಜ ರಚಿಸಿದರು. ನನ್ನ ಉತ್ತರಸೂಚಿಯಲ್ಲಿ ಇದ್ದದ್ದು 9, 12, 15. ಅಳೆಯದೆ, ಪಕ್ಕದವರ ಮಾತು ಕೇಳಿ ‘ಮೂರು ನಾಲ್ಕು ಐದರ ತ್ರಿಭುಜವೇ ಇರಬೇಕು’ ಎಂದು ಊಹಿಸಿ ಬರೆದವರಿಗೆ ಪೂರ್ತಿ ಅಂಕ ಸಿಕ್ಕಿತು. ತಪ್ಪು ಗೊತ್ತಾದ ಮೇಲೆ ನಾನು ಎಲ್ಲ ಉತ್ತರಪತ್ರಿಕೆಗಳನ್ನೂ ಮತ್ತೆ ತಿದ್ದಿದೆ. ಆದರೆ ಅಳತೆಪಟ್ಟಿಯನ್ನು ನಂಬಿದ್ದಕ್ಕೆ ಅಂಕ ಕಳೆದುಕೊಂಡೆನೆಂದು ಒಂದು ವಾರ ಭಾವಿಸಿದ್ದ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ. ಆ ಸಣ್ಣ ತ್ರಿಭುಜದಲ್ಲಿಯೂ ಲಂಬಕೋನ ಲಂಬಕೋನವಾಗಿಯೇ ಉಳಿದಿತ್ತು, ಬಾಹುಗಳ ಅನುಪಾತವೂ 3:4:5 ಆಗಿಯೇ ಇತ್ತು, ವಿಸ್ತೀರ್ಣ ಮಾತ್ರ 24 ಚದರ ಸೆಂಟಿಮೀಟರಿನಿಂದ ಸುಮಾರು 21ಕ್ಕೆ ಇಳಿದಿತ್ತು. ಉದ್ದದಲ್ಲಿ ಶೇ. 6 ಕಡಿಮೆಯಾದರೆ ವಿಸ್ತೀರ್ಣದಲ್ಲಿ ಶೇ. 12ರಷ್ಟು ಹೋಗುತ್ತದೆ ಎಂಬುದನ್ನು ನಾನು ಆ ವರ್ಷ ಅದೇ ಪ್ರಶ್ನೆಪತ್ರಿಕೆಯನ್ನು ಹಿಡಿದೇ ಪಾಠ ಮಾಡಿದೆ.

ಸರಸ್ವತಿಪುರಂನ ಈ ಅಂಗಡಿಯಲ್ಲಿ ಹಾಗಾಗುವುದಿಲ್ಲ. ಕೌಂಟರಿನ ಮೂಲೆಗೆ ದಾರದಿಂದ ಕಟ್ಟಿದ 30 ಸೆಂಟಿಮೀಟರಿನ ಸ್ಟೀಲ್ ಸ್ಕೇಲ್ ಒಂದಿದೆ. ಅಳತೆ ಮುಖ್ಯವಾದ ಕೆಲಸ ಎಂದು ಹೇಳಿದರೆ ಮೊದಲ ಪ್ರತಿ ಬಂದ ಕೂಡಲೇ ಅದನ್ನು ನಮ್ಮ ಕಡೆಗೆ ತಿರುಗಿಸಿ, ಒಂದು ಗೆರೆಯ ಮೇಲೆ ಸ್ಕೇಲ್ ಇಟ್ಟು ತೋರಿಸಿ, ನಾವು ಒಪ್ಪಿದ ಮೇಲೆಯೇ ಉಳಿದ 40 ಅಥವಾ 50 ಪ್ರತಿಗಳನ್ನು ತೆಗೆಯುತ್ತಾರೆ. ಈ ಕ್ರಮಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ನಾನು ಒಮ್ಮೆ ಪರೀಕ್ಷಿಸಿ ನೋಡಬೇಕೆಂದೇ ಒಂದು ಹಾಳೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ 20 ಸೆಂಟಿಮೀಟರಿನ ಗೆರೆಗಳನ್ನು ಎಳೆದು ಕೊಂಡೊಯ್ದಿದ್ದೆ. ಶೇ. 100ರಲ್ಲಿ ತೆಗೆದ ಪ್ರತಿಯಲ್ಲಿ ಅಡ್ಡಗೆರೆ 20 ಇತ್ತು, ಉದ್ದಗೆರೆ ಒಂದು ಮಿಲಿಮೀಟರ್ ಹೆಚ್ಚಿತ್ತು. ಕಾಗದ ರೋಲರಿನಲ್ಲಿ ಸಾಗುವ ದಿಕ್ಕಿನಲ್ಲಿ ಇಷ್ಟು ವ್ಯತ್ಯಾಸ ಬರುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರೌಢಶಾಲೆಯ ಕೆಲಸಕ್ಕೆ ಇದು ಸಾಕು. ನಿಖರವಾದ ಇಂಜಿನಿಯರಿಂಗ್ ಚಿತ್ರಕ್ಕೆ ಸಾಲದು. ಯಂತ್ರ ಎರಡು ದಿಕ್ಕಿನಲ್ಲಿ ಎರಡು ಬೇರೆ ಪಟ್ಟುಗಳನ್ನು ಬಳಸಿದರೆ ವೃತ್ತ ವೃತ್ತವಾಗಿ ಉಳಿಯುವುದಿಲ್ಲ ಎಂಬುದನ್ನು ತೋರಿಸಲು ಆ ಹಾಳೆಯನ್ನೇ ನಾನು ಇಟ್ಟುಕೊಂಡಿದ್ದೇನೆ.

ಈ ಅಂಗಡಿಯಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಕೆಲಸ ಮಾತ್ರ ನನ್ನ ಹಾಳೆಗಳಿಗೆ ಸಂಬಂಧಿಸಿದ್ದಲ್ಲ. ಒಂದು ಶನಿವಾರ ಮಂಡ್ಯದ ಕಡೆಯ ಹಿರಿಯ ರೈತರೊಬ್ಬರು ತಮ್ಮ ಊರಿನ ಗ್ರಾಮನಕ್ಷೆಯ ಒಂದು ಭಾಗದ ಪ್ರತಿಯನ್ನು ತಂದಿದ್ದರು. ‘ಇದನ್ನ ವಸಿ ದೊಡ್ಡದಾಗಿ ತೆಗೆದುಕೊಡವ್ವ, ನಂಬರು ಕಣ್ಣಿಗೆ ಕಾಣಾಕಿಲ್ಲ’ ಎಂದರು. ಆಕೆ ಶೇ. 141ರಲ್ಲಿ ಎ3 ಹಾಳೆಗೆ ತೆಗೆದುಕೊಟ್ಟರು. ಕೊಡುವ ಮೊದಲು ನಕ್ಷೆಯ ಕೆಳಗೆ ಅಚ್ಚಾಗಿದ್ದ ‘1:7920’ ಎಂಬುದರ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ‘141 ದೊಡ್ಡದು’ ಎಂದು ಬರೆದರು. ‘ಯಜಮಾನ್ರೇ, ಈ ನಂಬರಿಟ್ಟುಕೊಂಡು ಲೆಕ್ಕ ಹಾಕಬೇಡಿ, ಅಡಿಯಲ್ಲಿರುವ ಗೀಟಿನ ಪಟ್ಟಿ ಇಟ್ಟುಕೊಂಡೇ ಅಳೀರಿ’ ಎಂದರು.

ಅವರು ಹೇಳಿದ್ದು ಎಷ್ಟು ಸರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 1:7920 ಎಂದರೆ ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ 7920 ಅಂಗುಲ, ಅಂದರೆ 660 ಅಡಿ. ನಮ್ಮ ಕಡೆಯ ಗುಂಟೆ 33 ಅಡಿ ಉದ್ದ 33 ಅಡಿ ಅಗಲದ ಚೌಕ. 660 ಅಡಿಗೆ ಅಂತಹ 20 ಗುಂಟೆಗಳು ಸಾಲಾಗಿ ಕೂರುತ್ತವೆ. ಹಾಗಾಗಿ ನಕ್ಷೆಯ ಒಂದು ಚದರ ಅಂಗುಲದಲ್ಲಿ ಇಪ್ಪತ್ತು ಇಪ್ಪತ್ತಲ 400 ಗುಂಟೆ, ಅಂದರೆ 10 ಎಕರೆ. ಇಷ್ಟು ಚೆನ್ನಾಗಿ ಕೂರುವ ಲೆಕ್ಕ ಪಠ್ಯಪುಸ್ತಕಗಳಲ್ಲಿಯೂ ವಿರಳ. ಈಗ ಅದೇ ನಕ್ಷೆಯನ್ನು ಶೇ. 141ಕ್ಕೆ ಹಿಗ್ಗಿಸಿದರೆ, ಒಂದು ಅಂಗುಲಕ್ಕೆ ಉಳಿಯುವುದು ಸುಮಾರು 468 ಅಡಿ. ಒಂದು ಚದರ ಅಂಗುಲಕ್ಕೆ ಉಳಿಯುವುದು 5 ಎಕರೆ ಚಿಲ್ಲರೆ. ಹಳೆಯ ಸಂಖ್ಯೆಯನ್ನೇ ನಂಬಿ ಅಳೆದವರಿಗೆ ಎರಡೂವರೆ ಎಕರೆಯ ಗದ್ದೆ ಐದು ಎಕರೆಯಾಗಿ ಕಾಣುತ್ತದೆ. ಆದರೆ ನಕ್ಷೆಯ ಜೊತೆಯಲ್ಲಿಯೇ ಅಚ್ಚಾಗಿರುವ ಅಳತೆಪಟ್ಟಿ ನಕ್ಷೆ ಹಿಗ್ಗಿದಷ್ಟೇ ತಾನೂ ಹಿಗ್ಗುವುದರಿಂದ ಯಾವ ಪ್ರತಿಯಲ್ಲಿಯೂ ಸುಳ್ಳಾಗುವುದಿಲ್ಲ. ಅಕ್ಷರದಲ್ಲಿ ಬರೆದ ಪ್ರಮಾಣಕ್ಕೂ ಗೆರೆಯಾಗಿ ಎಳೆದ ಪ್ರಮಾಣಕ್ಕೂ ಇರುವ ಈ ವ್ಯತ್ಯಾಸವನ್ನು ಭೂಗೋಳದ ಪಾಠದಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಜಮೀನಿನ ವಿಷಯದಲ್ಲಿ ಆ ಒಂದು ಸಾಲು ತಿಳಿಯದೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಬಹುದು. ಪೆನ್ಸಿಲಿನ ಆ ಒಂದು ಗೆರೆಗೆ ಅವರು ಹಣ ಕೇಳಲಿಲ್ಲ.

ಆ ದಿನದಿಂದ ನಕ್ಷೆಯ ಲೆಕ್ಕಗಳನ್ನು ನಾನು ಮಕ್ಕಳ ಊರಿನ ಸುತ್ತಲೇ ಕಟ್ಟುತ್ತೇನೆ. ಕನ್ನಂಬಾಡಿ ಕಟ್ಟೆಯ ಉದ್ದ 8,600 ಅಡಿ. ಗ್ರಾಮನಕ್ಷೆಯ ಪ್ರಮಾಣದಲ್ಲಿ, ಅಂದರೆ ಅಂಗುಲಕ್ಕೆ 660 ಅಡಿಯಂತೆ ಅದನ್ನು ಬರೆದರೆ ಎಷ್ಟು ಉದ್ದದ ಗೆರೆಯಾಗುತ್ತದೆ, ಅದು ಎ4 ಹಾಳೆಯ ಉದ್ದಕ್ಕೆ ಹಿಡಿಸುತ್ತದೆಯೇ ಎಂದು ಕೇಳಿದೆ. ಉತ್ತರ 13 ಅಂಗುಲ. ಎ4ರ ಉದ್ದ 11.7 ಅಂಗುಲ ಮಾತ್ರ, ಆದ್ದರಿಂದ ಹಿಡಿಸುವುದಿಲ್ಲ, ಎ3ಗೆ ಹಿಡಿಸುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯಲ್ಲಿ ಅದೇ ಕಟ್ಟೆ 5.2 ಸೆಂಟಿಮೀಟರ್ ಅಷ್ಟೇ. ಕಟ್ಟೆಯನ್ನು ಕಣ್ಣಾರೆ ನೋಡಿ ಬಂದ ಮಕ್ಕಳು, ಆ ಉದ್ದ ತಮ್ಮ ಕಿರುಬೆರಳಿನಷ್ಟಾಗುವುದನ್ನು ಕಂಡು ಅನುಪಾತಕ್ಕೆ ಅರ್ಥವಿದೆ ಎಂದು ಒಪ್ಪಿಕೊಳ್ಳುತ್ತಾರೆ. ಆ ಕಟ್ಟೆ ಕಟ್ಟಿಸಿದ ಅರಸರ ಹೆಸರಿನಲ್ಲಿರುವ ‘ನಾಲ್ವಡಿ’ ಎಂಬ ಮಾತನ್ನೂ ನಾನು ಬಿಡುವುದಿಲ್ಲ. ಹೆಸರಿನಲ್ಲಿ ಅದಕ್ಕೆ ನಾಲ್ಕನೆಯವರು ಎಂಬ ಅರ್ಥ. ಲೆಕ್ಕದಲ್ಲಿ ನಾಲ್ಕು ಪಟ್ಟು. ಬಾಹು ಇಮ್ಮಡಿಯಾದರೆ ವಿಸ್ತೀರ್ಣ ನಾಲ್ವಡಿ ಎಂದು ಒಮ್ಮೆ ಹೇಳಿದರೆ ಈ ಸೀಮೆಯ ಮಕ್ಕಳು ಮರೆಯುವುದಿಲ್ಲ. ಘನಫಲದ ಮಾತು ಬಂದಾಗ ಜೆರಾಕ್ಸ್ ಅಂಗಡಿ ನೆರವಿಗೆ ಬರುವುದಿಲ್ಲ. ಅಲ್ಲಿ ಮಂಡ್ಯದ ಬೆಲ್ಲವೇ ಬೇಕು. ಅಚ್ಚಿನ ಪ್ರತಿ ಬಾಹುವೂ ಅರ್ಧವಾದರೆ ತೂಕ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ತಕ್ಕಡಿಯಲ್ಲಿ ಇಟ್ಟೇ ತೋರಿಸುತ್ತೇನೆ.

ಅಂಗಡಿಗೆ ಮರಳುವುದಾದರೆ, ಹಳೆಯ ಕ್ರಯಪತ್ರಗಳನ್ನು ತರುವ ಗಿರಾಕಿಗಳಿಗೂ ಅವರು ಇಷ್ಟೇ ಕಾಳಜಿಯಿಂದ ಉತ್ತರಿಸುವುದನ್ನು ನೋಡಿದ್ದೇನೆ. ಲೀಗಲ್ ಹಾಳೆ 216 ಮತ್ತು 356 ಮಿಲಿಮೀಟರಿನದು. ಅದನ್ನು ಎ4ಗೆ ಇಳಿಸಬೇಕಾದರೆ ಅಗಲದ ಲೆಕ್ಕದಲ್ಲಿ ಶೇ. 97 ಸಾಕು, ಉದ್ದದ ಲೆಕ್ಕದಲ್ಲಿ ಶೇ. 83 ಬೇಕು. ಎರಡು ಆಯತಗಳು ಸಮರೂಪವಲ್ಲದ ಕಾರಣ ಎರಡಕ್ಕೂ ಹೊಂದುವ ಒಂದೇ ಪಟ್ಟು ಇಲ್ಲ. ಚಿಕ್ಕದನ್ನೇ ಆರಿಸಿಕೊಂಡು ಎರಡೂ ಬದಿಯಲ್ಲಿ ಬಿಳಿಯ ಅಂಚು ಬಿಡಬೇಕಾಗುತ್ತದೆ. ‘ಅಂಚು ಯಾಕೆ ಬಿಟ್ಟಿರಿ, ಪೂರ್ತಿ ಹಾಳೆ ತುಂಬಿಸಿ’ ಎಂದು ಒಬ್ಬರು ಸಿಡುಕಿದಾಗ, ಹಾಗೆ ಎಳೆದು ತುಂಬಿಸಿದರೆ ಅಕ್ಷರವೂ ಮೊಹರೂ ಸೊಟ್ಟಗಾಗುತ್ತವೆ ಎಂದು ಆಕೆಯ ಪತಿ ಸಮಾಧಾನವಾಗಿ ತಿಳಿಸಿದರು. ಗುಂಡಗಿನ ಮೊಹರು ಮೊಟ್ಟೆಯಾಕಾರವಾದರೆ ಕಚೇರಿಯಲ್ಲಿ ಪ್ರಶ್ನೆ ಏಳುವುದು ಖಂಡಿತ.

ನನ್ನ ಶಾಲೆಯ ನಾಲ್ವರು ಮಕ್ಕಳನ್ನು ಒಂದು ರಜಾದಿನ ಅಲ್ಲಿಗೆ ಕರೆದೊಯ್ದಿದ್ದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರಿಗೆ ಯಂತ್ರ ಮುಟ್ಟಲು ಬಿಟ್ಟರು. ಫಲಕದಲ್ಲಿ 25ರಿಂದ 400ರವರೆಗೆ ಯಾವ ಸಂಖ್ಯೆಯನ್ನಾದರೂ ಇಡಬಹುದು. ಒಬ್ಬ ಹುಡುಗ ಒಂದು ಚೌಕವನ್ನು ಶೇ. 120ಕ್ಕೆ ಹಿಗ್ಗಿಸಿ, ಬಂದ ಪ್ರತಿಯನ್ನು ಶೇ. 80ಕ್ಕೆ ಕುಗ್ಗಿಸಿದ. ಇಪ್ಪತ್ತು ಏರಿಸಿ ಇಪ್ಪತ್ತು ಇಳಿಸಿದರೆ ಮೊದಲಿನದೇ ಬರಬೇಕೆಂದು ಅವನ ನಂಬಿಕೆ. 10 ಸೆಂಟಿಮೀಟರಿನ ಬಾಹು 9.6 ಬಂತು. ಅವನು ಯಂತ್ರ ಕೆಟ್ಟಿದೆ ಎಂದ. ಆಕೆ ನಕ್ಕು, ‘ಕೆಟ್ಟಿಲ್ಲ ಕಣಪ್ಪ, ನೂರಿಪ್ಪತ್ತರಿಂದ ಹಿಂದಕ್ಕೆ ಬರಬೇಕಾದರೆ ಎಂಬತ್ತಲ್ಲ, ಎಂಬತ್ತಮೂರು ಇಡು’ ಎಂದರು. ಪಟ್ಟುಗಳನ್ನು ಕೂಡುವುದಲ್ಲ, ಗುಣಿಸುವುದು, 1.2ರ ಜೊತೆಗೆ 0.8 ಗುಣಿಸಿದರೆ 0.96 ಎಂಬುದನ್ನು ಅವನು ಅಲ್ಲಿಯೇ ರದ್ದಿ ಕಾಗದದ ಮೇಲೆ ಬರೆದು ನೋಡಿದ. ಬಳಿಕ ನಾಲ್ವರೂ ಸೇರಿ ಯಾವ ಜೋಡಿ ಸರಿಯಾಗಿ ಮರಳಿ ತರುತ್ತದೆ ಎಂದು ಹುಡುಕತೊಡಗಿದರು. 125ಕ್ಕೆ 80 ಹೊಂದುತ್ತದೆ, 200ಕ್ಕೆ 50, 141ಕ್ಕೆ 71. ಎಂಟು ಹತ್ತು ಹಾಳೆಗಳು ಅದಕ್ಕೆ ಖರ್ಚಾದವು. ನಾನು ಒತ್ತಾಯ ಮಾಡಿ ಹಣ ಕೊಟ್ಟೆ.

ದರಗಳ ಬಗ್ಗೆ ಒಂದೆರಡು ಮಾತು. ನಾನು ಕೊಡುತ್ತಿರುವುದು ಎ4 ಒಂದು ಬದಿಗೆ 2 ರೂಪಾಯಿ, ಎ3ಗೆ 8 ರೂಪಾಯಿ. ಹಾಳೆ ಎರಡು ಪಟ್ಟಾದರೆ ದರ ನಾಲ್ಕು ಪಟ್ಟಾಗುವುದೇಕೆ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಎ3 ಹಾಳೆಗಳ ಕಟ್ಟು (ರೀಮ್) ಹೆಚ್ಚು ಖರ್ಚಾಗದೆ ಕೂರುತ್ತದೆ, ಪ್ರತಿ ಸಲ ಟ್ರೇ ಬದಲಿಸಬೇಕು ಎಂಬ ಅವರ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆಯಾಯಿತು. 5 ಅಥವಾ 6 ರೂಪಾಯಿ ನ್ಯಾಯವಾದ ದರ ಎಂದು ನನ್ನ ಅಭಿಪ್ರಾಯ. ಕಾಗದದ ಗುಣಮಟ್ಟ ಸಾಧಾರಣ. ಕೇಳದಿದ್ದರೆ ಚದರ ಮೀಟರಿಗೆ 70 ಗ್ರಾಂ ತೂಗುವ, ಅಂದರೆ 70 ಜಿಎಸ್‌ಎಂ ಹಾಳೆಯನ್ನೇ ಹಾಕುತ್ತಾರೆ, ಎರಡೂ ಬದಿಗೆ ಅಚ್ಚು ಹಾಕಿದರೆ ಹಿಂದಿನ ಅಕ್ಷರ ಮುಂದಕ್ಕೆ ತೋರುತ್ತದೆ. 75 ಜಿಎಸ್‌ಎಂ ಬೇಕೆಂದು ಮೊದಲೇ ಹೇಳಬೇಕು. ಈ ಜಿಎಸ್‌ಎಂ ಎಂಬುದೂ ಪಟ್ಟಿನ ಪಾಠಕ್ಕೆ ಒದಗುವಂಥದ್ದು. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4, ಅಂದರೆ ಹದಿನಾರರಲ್ಲಿ ಒಂದು ಪಾಲು. ಚದರ ಮೀಟರಿಗೆ 75 ಗ್ರಾಂ ತೂಗುವ ಕಾಗದದ ಒಂದು ಎ4 ಹಾಳೆ 4.7 ಗ್ರಾಂ ತೂಗುತ್ತದೆ, 500 ಹಾಳೆಗಳ ರೀಮ್ ಸುಮಾರು 2.34 ಕೆ.ಜಿ. ಬರುತ್ತದೆ. ಅಂಗಡಿಯವರು ರೀಮನ್ನು ಕೈಯಲ್ಲಿ ಎತ್ತಿಯೇ 70 ಯಾವುದು, 75 ಯಾವುದು ಎಂದು ಹೇಳಬಲ್ಲರು.

ಕೊರತೆಗಳು ಇಲ್ಲದಿಲ್ಲ. ಎ3ಗಿಂತ ದೊಡ್ಡ ಪ್ರತಿ ಇಲ್ಲಿ ಸಿಗುವುದಿಲ್ಲ. ಗೋಡೆಗೆ ಹಾಕುವ ಚಿತ್ರ ಬೇಕೆಂದರೆ ಒಂದು ಎ4 ಹಾಳೆಯ ಚಿತ್ರವನ್ನು ನಾಲ್ಕು ಭಾಗವಾಗಿ ಶೇ. 200ರಲ್ಲಿ ತೆಗೆದು ನಾವೇ ಅಂಟಿಸಿಕೊಳ್ಳಬೇಕು. ಯಂತ್ರ ಪ್ರತಿ ಹಾಳೆಯ ಅಂಚಿನಲ್ಲಿ ಕೆಲವು ಮಿಲಿಮೀಟರ್ ಅಚ್ಚು ಹಾಕದೆ ಬಿಡುವುದರಿಂದ, ಭಾಗಗಳು ಒಂದರ ಮೇಲೊಂದು ಸ್ವಲ್ಪ ಕೂರುವಂತೆ ತೆಗೆಯದಿದ್ದರೆ ಗೆರೆಗಳು ಸೇರುವುದಿಲ್ಲ. ಹಾಗೆ ತೆಗೆದುಕೊಡಿ ಎಂದರೆ ಸಮಯವಿಲ್ಲ ಎನ್ನುತ್ತಾರೆ, ಮತ್ತು ಅವರ ಮಗ ಕುಳಿತಿರುವ ಸಂಜೆಗಳಲ್ಲಿ ಸ್ಕೇಲ್ ಇಟ್ಟು ತೋರಿಸುವ ಕ್ರಮವೂ ತಪ್ಪುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ಗದ್ದಲದಲ್ಲಿ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಬಣ್ಣದ ಪ್ರತಿಗೆ ಬೇರೆಡೆಗೆ ಹೋಗಬೇಕು.

ಹೋಗುವ ಶಿಕ್ಷಕರಿಗೂ ಪೋಷಕರಿಗೂ ಕೆಲಸಕ್ಕೆ ಬರುವ ಒಂದು ಸೂಚನೆ: ಅಳತೆಯುಳ್ಳ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೊ ಮಾಡಿ ಕಳುಹಿಸಬೇಡಿ. ಫೋಟೊಗೆ ಚುಕ್ಕಿಗಳ ಲೆಕ್ಕ ಮಾತ್ರ ಇರುತ್ತದೆ, ಸೆಂಟಿಮೀಟರಿನ ಲೆಕ್ಕ ಇರುವುದಿಲ್ಲ. ಆ ಚುಕ್ಕಿಗಳನ್ನು ಎಷ್ಟು ದೊಡ್ಡ ಹಾಳೆಗೆ ಹರಡಬೇಕೆಂದು ಪ್ರಿಂಟರೇ ತೀರ್ಮಾನಿಸಿಬಿಡುತ್ತದೆ. ಪಿಡಿಎಫ್ ಕಡತವನ್ನು ಡಾಕ್ಯುಮೆಂಟ್ ಎಂದೇ ಕಳುಹಿಸಿ ಅಥವಾ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ‘ನಿಜ ಅಳತೆ, ಶೇ. 100’ ಎಂದು ಬಾಯಿಬಿಟ್ಟು ಹೇಳಿರಿ, ಮತ್ತು ಪ್ರತಿ ಹಾಳೆಯ ಕೆಳಮೂಲೆಯಲ್ಲಿ 5 ಸೆಂಟಿಮೀಟರಿನ ಒಂದು ಗೆರೆಯನ್ನು ಅಚ್ಚಾಗುವಂತೆ ಸೇರಿಸಿರಿ. ಹಾಳೆ ಕುಗ್ಗಿದ್ದರೆ ಆ ಗೆರೆ ತಾನೇ ಹೇಳುತ್ತದೆ, ಗೆರೆ 4.7 ಸೆಂಟಿಮೀಟರ್ ಇದ್ದರೆ ಪಟ್ಟು 0.94 ಎಂದು ಮಕ್ಕಳೇ ಕಂಡುಕೊಂಡು ಉಳಿದ ಅಳತೆಗಳನ್ನು ಸರಿಪಡಿಸಿಕೊಳ್ಳಬಲ್ಲರು. ನನ್ನ ಈಗಿನ ಎಲ್ಲ ಪ್ರಶ್ನೆಪತ್ರಿಕೆಗಳಲ್ಲಿಯೂ ಆ ಗೆರೆ ಇದೆ.

ಅಂಗಡಿ ಬೆಳಿಗ್ಗೆ 9:30ಕ್ಕೆ ತೆರೆಯುತ್ತದೆ, ಮಧ್ಯಾಹ್ನ 1:30ರಿಂದ 4ರವರೆಗೆ ಮುಚ್ಚಿರುತ್ತದೆ, ಭಾನುವಾರ ರಜೆ. ಫೋನಿನಲ್ಲಿ ಹಣ ಪಾವತಿಸಬಹುದು. ಅಳತೆಯ ಕೆಲಸವಿದ್ದರೆ ಬೆಳಗಿನ ಹೊತ್ತೇ ಹೋಗುವುದು ಲೇಸು. ಆಗ ಯಂತ್ರದ ಬಳಿ ಆಕೆಯೇ ಇರುತ್ತಾರೆ.